ಜಗಲಿಯ ಮೇಲಿನ ಫೋನು

ಇಂಡಿ ಪೇಟೆಯಲ್ಲಿ ನಿಂಬೆಹಣ್ಣು ಮಾರಿ ಬಂದ ಅಮೋಘಸಿದ್ಧ ಕಾಲು ತೊಳೆದು, ಫೋನನ್ನು ದೇವರ ಜಗಲಿಯ ಮೇಲಿಟ್ಟ.

"ಅದ್ಯಾಕ್ರಿ ಅಲ್ಲಿಟ್ರಿ?" ಹೆಂಡತಿ ಇಂದ್ರಾಬಾಯಿ ಕೇಳಿದಳು.

"ರೊಕ್ಕ ಅದರಾಗ ಬಂದೈತಿ."

ಮೊದಲೆಲ್ಲ ಅಲ್ಲಿ ನೋಟುಗಳನ್ನಿಡುತ್ತಿದ್ದ. ಅವಳು ಕುಂಕುಮ ಹಚ್ಚಿ ತನ್ನ ಬಟ್ಟೆಯ ಸಂಚಿಗೆ ಹಾಕಿಕೊಂಡು, ಅವನ ಚಹಾಕ್ಕೆಂದು ಒಂದು ನೋಟು ಕೊಡುತ್ತಿದ್ದಳು. ವ್ಯಾಪಾರಿ ಫೋನಿಗೇ ಹಣ ಹಾಕತೊಡಗಿದ ಮೇಲೆ ಅವಳ ಸಂಚಿ ಗೂಟದಲ್ಲೇ ಉಳಿಯಿತು. ಉಪ್ಪು ತರಲಿಕ್ಕೂ ಅವನನ್ನೇ ಕೇಳಬೇಕಾಯಿತು. ಕೇಳುವಾಗ ಅವಳ ದನಿ ತಗ್ಗುತ್ತಿತ್ತು.

ಇಂದ್ರಾಬಾಯಿ ಫೋನಿನ ಬೆನ್ನಿಗೆ ಕುಂಕುಮ ಹಚ್ಚಿ ಸಂಚಿಯೊಳಗೆ ಇಳಿಸಿದಳು. ಸಂಚಿಯ ತಳದಿಂದಲೇ ಮಡಚಿದ ಇಪ್ಪತ್ತರ ನೋಟೊಂದನ್ನು ತೆಗೆದು ಅವನ ಕೈಗಿಟ್ಟಳು.

"ಚಹಾ ಕುಡದ ಬರ್ರಿ. ಉಳದ ಚಿಲ್ಲರ ಮನಿಗಿ ಬರಬೇಕ ಮತ್ತ!"

ಆ ಗದರಿಕೆ ಕೇಳಿ ಎಷ್ಟು ದಿನವಾಗಿತ್ತು.