ಗುಬ್ಬಿಯ ಕರಟ

“ಕಳ್ಳ ಬೆಕ್ಕಿನಂಗೆ ಏನೇ ಮಾಡ್ತಿದ್ದೀ?” ಹಿತ್ತಿಲ ಬಾಗಿಲಲ್ಲಿ ನಿಂತ ಸರ್ವಮಂಗಳಮ್ಮನ ದನಿಗೆ ಸೊಸೆ ವಿಶಾಲಾಕ್ಷಿ ಬೆಚ್ಚಿಬಿದ್ದಳು. ಗುಬ್ಬಿಗಳಿಗೆ ನವಣೆ ಹಾಕಲು ಸೂರಿಗೆ ಕಟ್ಟಿದ್ದ ತೆಂಗಿನ ಕರಟ ಅವಳ ಕೈಯಲ್ಲಿತ್ತು. ಜಡಿಮಳೆ ಹಿಡಿದಾಗಿನಿಂದ ಹಿತ್ತಿಲಲ್ಲಿ ಒಂದೊಂದೇ ಗುಬ್ಬಿ ಸತ್ತು ಬೀಳುತ್ತಿತ್ತು. ಇದು ಇವಳದೇ ಕೆಲಸವೆಂಬ ಅನುಮಾನ ಅತ್ತೆಗೆ ಮೊದಲಿನಿಂದಲೂ ಇತ್ತು.

“ಒಣಹಾಕಿದ ಬಟ್ಟೆ ಮೇಲೆಲ್ಲಾ ಹೇಲ್ತಾವೆ ಅಂತ ನೀನೇ ಗೊಣಗ್ತಿದ್ದೆಯಲ್ಲ? ಇಲಿ ಪಾಷಾಣ ಬೆರೆಸಿದೆಯಾ? ಹೇಳು, ಇಲ್ಲಾಂದ್ರೆ ಈಗಲೇ ಸವಳಂಗದ ಬಸ್ಸು ಹತ್ತಿಸಿ ತವರಿಗೆ ಕಳಿಸ್ತೀನಿ.”

“ಬೆರೆಸಾಕೆ ಅಲ್ರೀ ಅತ್ತೆ, ಚೆಲ್ಲಾಕೆ ಬಂದೆ.”

“ಚೆಲ್ಲಾಕಾ? ಕಾಳಿನ ಪಾತ್ರೆ ಬರಿದು ಮಾಡಿದ್ರೆ ಮನೆಗೆ ದರಿದ್ರ ಅಂತ ಗೊತ್ತಿಲ್ವಾ? ಹಿಡಿಯಷ್ಟು ಉಳಿದಿರೋವಾಗಲೇ ನಾನು ಮೇಲೆ ಹೊಸಾದು ಹಾಕ್ತೀನಿ.”

“ಅದಕ್ಕೇ ನಿಮಗೆ ಕಾಣದಂಗೆ ಬಂದಿದ್ದು. ಮೂಸಿ ನೋಡ್ರಿ.”

ವಿಶಾಲಾಕ್ಷಿ ಮೇಲಿನ ಒಣ ಕಾಳನ್ನು ಸರಿಸಿ ಕರಟವನ್ನು ಮುಂದೆ ಹಿಡಿದಳು. ತಳದ ನವಣೆ ಇರಚಲಿಗೆ ನೆನೆದು, ಹಸಿರು ಬೂಷ್ಟು ಹಿಡಿದು, ಮುದ್ದೆಯಾಗಿ ಅಂಟಿಕೊಂಡಿತ್ತು. ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ತಾಗಿದರೂ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ ಸರ್ವಮಂಗಳಮ್ಮನಿಗೆ ಆ ವಾಸನೆ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಆ ತಳದಲ್ಲಿದ್ದದ್ದು, ಖಾಲಿಯಾಗದಂತೆ ತಾನೇ ಕಾಯ್ದುಕೊಂಡು ಬಂದ ಹಿಡಿ ಕಾಳು.

ಅವಳು ಸೊಸೆಯ ಮುಖ ನೋಡಲಿಲ್ಲ. ಕರಟವನ್ನು ಕಸಿದುಕೊಂಡು, ಪಕ್ಕದ ಮನೆಯವರು ನೋಡುತ್ತಿದ್ದಾರೇನೋ ಎಂದು ಬೇಲಿಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿ ಕುಟ್ಟಿದಳು, ಒಂದು ಕಾಳೂ ಉಳಿಯದ ಹಾಗೆ.