ಕಡೇ ತನಕ ಇರಬೇಕಾದ ಮೂಗುಬೊಟ್ಟು

ಮೈಸೂರಿನ ಒಂದು ಇಮಿಟೇಷನ್ ಆಭರಣದ ಅಂಗಡಿಯಲ್ಲಿ ನಾನು ಕೌಂಟರ್ ನೋಡಿಕೊಳ್ಳುತ್ತೇನೆ.

ಬಂದವರೆಲ್ಲ ಕೇಳುವುದು ಒಂದೇ... "ಅಸಲಿ ವಜ್ರದ ಥರಾನೇ ಕಾಣ್ಬೇಕು. ಯಾರಿಗೂ ಗೊತ್ತಾಗ್ಬಾರ್ದು."

ಒಂದು ಮಧ್ಯಾಹ್ನ ಬಂದ ಅಜ್ಜಿಯೂ ಅದನ್ನೇ ಕೇಳುತ್ತಾರೆ ಅಂದುಕೊಂಡೆ.

ಹೆಸರು ಸಣ್ಣತಾಯಮ್ಮ. ಎಪ್ಪತ್ತು ದಾಟಿತ್ತು. ಮೂಗಿನ ಮೇಲೆ ಒಂದು ವಜ್ರದ ಬೊಟ್ಟು... ಅಸಲಿ. ದಿನವೂ ನಕಲಿ ಮಾರುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

"ಇದರಂಗೇ ಒಂದು ಅಮೇರಿಕನ್ ಡೈಮಂಡು ಕೊಡವ್ವ. ಒಳ್ಳೇದಿರ್ಲಿ."

"ಮದುವೆಗೆ ಹಾಕ್ಕೊಳೋಕಾ ಅಜ್ಜಿ? ಹಂಗಾದ್ರೆ ಸಾದಾದೇ ಸಾಕು. ಎಷ್ಟು ದಿನಕ್ಕೆ ಬೇಕು?"

"ಕಡೇ ತನಕ."

ನಾನು ಸಾದಾ ಟ್ರೇ ಒಳಗಿಟ್ಟು ಇನ್ನೊಂದನ್ನು ತೆಗೆದೆ.

"ನೋಡಿ, ಆ ಸಾದಾದು ಗೋಂದು ಹಾಕಿ ಅಂಟಿಸಿದ ಕಲ್ಲು. ನೀರು ಬಿದ್ದು ಬಿದ್ದು ಉದುರುತ್ತೆ. ಇದು ಬೆಳ್ಳೀಲಿ ಮಾಡಿದ್ದು, ಕಲ್ಲನ್ನ ಸುತ್ತ ಕಚ್ಚಿ ಕೂರಿಸಿದಾರೆ. ಮೂಗು ಕಪ್ಪಾಗಲ್ಲ, ಕೀವಾಗಲ್ಲ."

"ನುಣುಪಾಗೈತೆ ಅಂತ ತಿಳಿಯೋದೆಂಗೆ?"

"ಸೆರಗಿನ ಮೇಲೆ ಎಳೆದು ನೋಡಿ. ಒಂದು ಎಳೆ ಸಿಕ್ಕಿಕೊಂಡ್ರೂ ತಗೋಬೇಡಿ."

ಅಜ್ಜಿ ಒಂದೊಂದನ್ನೇ ಸೆರಗಿನ ಮೇಲೆ ಎಳೆದರು... ಏಳನೆಯದು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಅಸಲಿಯನ್ನು ಮಾರಿ, ನಕಲಿ ಹಾಕಿಕೊಂಡು ಮನೆಗೆ ಹೋಗುವವರನ್ನು ನಾನು ಎಷ್ಟೋ ಸಲ ನೋಡಿದ್ದೆ. ಹಾಗಾಗಿ ಧೈರ್ಯ ಹೇಳುವವಳಂತೆ ಮೆಲ್ಲಗೆ ಅಂದೆ:

"ಮನೆಯವರಿಗೆ ಗೊತ್ತಾಗಲ್ಲ ಬಿಡಿ ಅಜ್ಜಿ."

ಅವರು ತಲೆ ಎತ್ತಿದರು.

"ಗೊತ್ತಾಗ್ಬೇಕು ಕಣ್ಮಗ. ಅದಕ್ಕೇ ತಗೋತಿರೋದು. ಬಿಲ್ಲಲ್ಲಿ 'ನಕಲಿ' ಅಂತ ದಪ್ಪಕ್ಷರದಲ್ಲಿ ಬರಿ."

ನನಗೆ ಅರ್ಥವಾಗಲಿಲ್ಲ...

ಅಜ್ಜಿ ಸ್ಟೂಲಿನ ಮೇಲೆ ಕುಳಿತರು. ಆಮೇಲೆ ಹೇಳಿದರು.

"ನಮ್ಮಕ್ಕ ಹೋದಾಗ ಅವಳ ಮೂಗಲ್ಲೂ ಇಂಥದೇ ವಜ್ರ ಇತ್ತು. ಹೊರಡಿಸೋಕ್ ಮುಂಚೆ ಒಡವೆ ತೆಗೀತಾರಲ್ಲ... ಐವತ್ತು ವರ್ಷದ ತಿರುಪು, ಬರ್ಲಿಲ್ಲ. ಅವಳ ಹೆಣ್ಮಕ್ಕಳಿಬ್ಬರೂ ನಂದು ನಂದು ಅಂತ ಅಲ್ಲೇ ಶುರು ಹಚ್ಕೊಂಡ್ರು. ಯಾರೋ ಇಕ್ಕಳ ತಂದ್ರು..."

ಅಜ್ಜಿಯ ಕೈ ತನ್ನ ಮೂಗಿನ ಮೇಲೆ ಹೋಯಿತು.

"ಮೂಗು ಹರೀತು. ಕಡೇಗೆ ನಾನು ನೋಡಿದ ಮುಖ ಅದೇ."

ಕೈ ಇಳಿಸಿ ಅಜ್ಜಿ ಮುಂದುವರಿಸಿದರು.

"ನಂಗೂ ಇಬ್ಬರು ಹೆಣ್ಮಕ್ಕಳು. ಒಳ್ಳೇವೇ. ಅಕ್ಕನ ಮಕ್ಕಳೂ ಒಳ್ಳೇವೇ ಇದ್ದವು..."

"ಹಂಗಾದ್ರೆ ತೆಗೆದಿಟ್ಟು ಸುಮ್ನಿದ್ರಾಯ್ತಲ್ಲ ಅಜ್ಜಿ? ನಕಲಿ ಯಾಕೆ?"

"ಬೋಳು ಮೂಗಲ್ಲಿ ಹೋಗೋಕೆ ಮನಸಿಲ್ಲ ಕಣೆ, ಅಷ್ಟು ಆಸೆ ಐತೆ."

ಮೊದಲ ಸಲ ನಕ್ಕರು. ಆಮೇಲೆ ಅಂದರು...

"ಅವತ್ತು ನನ್ನ ಮುಖ ತೊಳೆಯೋದು ಆ ಮಕ್ಕಳೇ. ಅವರ ಕೈಗೆ ಚುಚ್ಚಬಾರ್ದು. ಅದಕ್ಕೇ ಒಳ್ಳೇದು ಕೇಳಿದ್ದು."

ನಮ್ಮ ಅಂಗಡಿಯಲ್ಲಿ ಮೂಗು ಚುಚ್ಚುವುದೂ ಉಂಟು, ಬೊಟ್ಟು ಬಿಚ್ಚುವುದೂ ಉಂಟು. ಕೊಬ್ಬರಿ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದೆ. ತಿರುಪು ಕೂದಲೆಳೆಯಷ್ಟು ಅಲುಗಿತು. ಮತ್ತೆ ಎಣ್ಣೆ... ಮತ್ತೆ ಕಾದೆ.

ಅಜ್ಜಿಯ ಕಣ್ಣಲ್ಲಿ ನೀರು ಬಂತು.

"ನೋಯ್ತಿದೆಯಾ?"

"ನೋಯ್ಲಿ ಬಿಡು. ಈಗಾದ್ರೆ ನಂಗೊಬ್ಬಳಿಗೇ."

ವಜ್ರ ಕೈಗೆ ಬಂತು. ಅದರ ಜಾಗದಲ್ಲಿ ನಕಲಿ ಕೂತಿತು. ಅಜ್ಜಿ ಕನ್ನಡಿ ನೋಡಿಕೊಂಡು, ಬಿಲ್ಲನ್ನು ಮಡಚಿ ಎಲೆಯಡಿಕೆ ಚೀಲದಲ್ಲಿಟ್ಟು ಹೋದರು.

ಎಂಟು ತಿಂಗಳಾಗಿರಬೇಕು...

ಇಬ್ಬರು ಹೆಂಗಸರು ಅಂಗಡಿಗೆ ಬಂದರು. ದೊಡ್ಡವರು ಒಂದು ಕಾಗದ ಬಿಡಿಸಿ ಕೌಂಟರಿನ ಮೇಲಿಟ್ಟರು. ಮಡಿಕೆಗಳಲ್ಲಿ ಹರಿದುಹೋಗಿದ್ದ ಬಿಲ್ಲು. 'ನಕಲಿ' ಅನ್ನುವ ನನ್ನದೇ ದಪ್ಪಕ್ಷರ.

ಅವರೇ ಹೇಳಿದರು.

"ಅವ್ವ ಹೋಗಿ ಹದಿನೈದು ದಿನ ಆಯ್ತು. ವಿಷಯ ಎಲ್ಲ ಮೊದಲೇ ಹೇಳಿತ್ತು. ಬೊಟ್ಟನ್ನ ಯಾರೂ ಮುಟ್ಲಿಲ್ಲ. ಮುಖ ತೊಳೆದು ಹಂಗೇ ಕಳಿಸಿದ್ವಿ... ನಿದ್ದೆ ಮಾಡ್ದಂಗಿತ್ತು."

ಕೇಳಬಾರದಿತ್ತೇನೋ, ಆದರೂ ಕೇಳಿದೆ. "ಆ ವಜ್ರ...?"

ದೊಡ್ಡವರು ತಂಗಿಯ ಕಡೆ ನೋಡಿದರು.

"ಡಬ್ಬೀಲೇ ಅದೆ. ನೀನಿಟ್ಕೋ ಅಂತ ನಾನು, ನೀನಿಟ್ಕೋ ಅಂತ ಇವಳು. ಇನ್ನೂ ತೀರ್ಮಾನ ಆಗಿಲ್ಲ."

ತಂಗಿ ಕಣ್ಣೊರೆಸಿಕೊಂಡು ಅಂದರು...

"ಅದು ಹಂಗಿರ್ಲಿ. ಅವ್ವ ಹಾಕ್ಕೊಂಡು ಹೋಯ್ತಲ್ಲ, ಅಂಥದೇ ಎರಡು ಕೊಡಿ ನಮಗೆ."

ಟ್ರೇ ತೆಗೆದಿಟ್ಟೆ. ಗುಣದ ಬಗ್ಗೆ ನಾನು ಹೇಳಬೇಕಾದದ್ದು ಏನೂ ಇರಲಿಲ್ಲ.

ಅಕ್ಕತಂಗಿಯರಿಬ್ಬರೂ ಒಂದೊಂದು ಬೊಟ್ಟು ಕೈಗೆತ್ತಿಕೊಂಡು, ಸೆರಗಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತಿದ್ದರು...

*

ಹೋಗುವವರು ಏನು ಬಿಟ್ಟುಹೋದರು ಅನ್ನುವುದಕ್ಕಿಂತ, ಯಾವ ಜಗಳವನ್ನು ಬಿಟ್ಟುಹೋಗಲಿಲ್ಲ ಅನ್ನುವುದು ದೊಡ್ಡದು.

ನಾಳೆ ನಿಮ್ಮವರ ಕೈಗೆ ಚುಚ್ಚಬಹುದಾದದ್ದು ಏನಾದರೂ ನಿಮ್ಮಲ್ಲಿದೆಯೇ... ಅದನ್ನು ಇವತ್ತೇ, ನಿಮ್ಮ ಕೈಯಾರೆ ಬಿಚ್ಚಿಡಬಾರದೇ?