ಹೂಂ, ಊಹೂಂ

"ಹೂಂ…" ಎಂದು ಉಸಿರು ಬಿಟ್ಟ ತಮ್ಮ. ಬೆನ್ನ ಹಿಂದೆ ಅಣ್ಣನ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

ತಮ್ಮನಿಗೆ ಅದರ ಪರಿವೆಯೇ ಇರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದ. ಉಸಿರು ಎಳೆದುಕೊಂಡು, ಬಾಯಿ ಮುಚ್ಚಿ, ದನಿ ಹೊರಡಿಸುತ್ತಾ ನಿಧಾನವಾಗಿ ಬಿಡಬೇಕು, ಸಿಟ್ಟೂ ಇಳಿಯುತ್ತದೆ ಬಿಪಿಯೂ ಇಳಿಯುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಒಂದೇ ವಾರಕ್ಕೆ ತಾನು ಅರ್ಧ ಋಷಿಯಾಗಿದ್ದೇನೆ ಎಂದು ಅವನ ಅಂದಾಜು. ನಿನ್ನೆಯಷ್ಟೇ ಸೂಜಿ ಮುರಿಯಿತೆಂದು ಯಂತ್ರಕ್ಕೆ ಒದ್ದು ಹೆಬ್ಬೆರಳು ಊದಿಸಿಕೊಂಡದ್ದು ಉಳಿದರ್ಧದ ಕೆಲಸವಿರಬೇಕು.

ಒಂದೇ ಅಂಗಡಿಯಲ್ಲಿ ಬೆನ್ನು ಹಾಕಿ ಕೂತಿದ್ದ ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷವಾಗಿತ್ತು. ಗಿರಾಕಿಯ ಎದುರಿಗೇ "ಇವನಿಗೆ ಕಾಲರ್ ಕೂರಿಸೋಕೂ ಬರಲ್ಲ" ಎಂದಿದ್ದ ಅಣ್ಣ. "ಇನ್ಮೇಲೆ ನೀನು ನಂಗೆ ಅಣ್ಣನೇ ಅಲ್ಲ" ಎಂದು ತಮ್ಮ ಕತ್ತರಿ ಎಸೆದಿದ್ದ. ಅಂದಿನಿಂದ ಆ ಕತ್ತರಿ ಬೇಕೆಂದರೂ ಗಿರಾಕಿಗಳೇ ನಡುವೆ ಮಾತು ದಾಟಿಸಬೇಕಿತ್ತು.

"ನೀಲಿ ನೂಲು ಮುಗೀತು," ಎಂದ ಅಣ್ಣ ಈಗ, ಗೋಡೆಗೆ ಹೇಳುವಂತೆ.

ತಮ್ಮನಿಗೆ ಕೇಳಿಸಿತು. ಆದರೆ ತುಂಬಿಕೊಂಡ ಉಸಿರನ್ನು ಎಲ್ಲಿಗೆ ಕಳಿಸುವುದು?

"ಹೂಂ…"

"ನಾಳೆಗೆ ತರಬೇಕು."

"ಹೂಂ…"

ಅಯ್ಯೋ, ಇವನು ನನ್ನ ಉಸಿರನ್ನೇ ಉತ್ತರ ಅಂದುಕೊಂಡಿದ್ದಾನೆ! 'ನಾನು ಮಾತಾಡ್ತಿಲ್ಲ, ಉಸಿರಾಡ್ತಿದ್ದೀನಿ' ಎಂದು ಹೇಳೋಣವೆಂದರೆ, ಅದಕ್ಕೂ ಮಾತಾಡಲೇಬೇಕು. ಸುಮ್ಮನಾದರೆ ಅಣ್ಣನೂ ಸುಮ್ಮನಾಗುತ್ತಾನೆ. ಅದು ಬೇಡವೆಂದು ಯಾಕನ್ನಿಸಿತೋ, ತಮ್ಮ ಗಬಗಬನೆ ಇನ್ನೊಂದು ಉಸಿರು ಎಳೆದುಕೊಂಡ. ಇಳಿಯಬೇಕಿದ್ದ ಬಿಪಿ ಕಿವಿಯಲ್ಲಿ ಡವಡವ ಎನ್ನುತ್ತಿತ್ತು.

"ನಿನ್ನ ಅತ್ತಿಗೆ ದಿನಾ ನಿನ್ನ ವಿಷಯ ಕೇಳ್ತಾಳೆ."

"ಹೂಂ…"

"ಅವತ್ತು ಗಿರಾಕಿ ಎದುರಿಗೆ ನಾನು ಹಾಗನ್ನಬಾರದಿತ್ತು."

"ಹೂಂ!" ಇದಕ್ಕೆ ಮಾತ್ರ ತಮ್ಮ ಸ್ವಲ್ಪ ಒತ್ತು ಕೊಟ್ಟ. ಋಷಿಗಳೂ ಮನುಷ್ಯರೇ ತಾನೇ.

ಒತ್ತು ಜಾಸ್ತಿಯಾಯಿತೇನೋ, ಕೆಲಸ ಕೆಟ್ಟಿತು ಎಂದುಕೊಂಡ. ಆಮೇಲೆ ಅಣ್ಣನ ದನಿ ಬಂತು, ಕ್ಷೀಣವಾಗಿ.

"ನಾನು ಅಣ್ಣನೇ ಅಲ್ಲ ಅಂದ್ಯಲ್ಲ. ಈಗ್ಲೂ ಹಾಗೇನಾ?"

ತಮ್ಮನ ಎದೆ ತುಂಬಾ ಗಾಳಿ. 'ಹೂಂ' ಮೂಗಿನ ತುದಿಗೆ ಬಂದು ನಿಂತಿತ್ತು. ಗಾಬರಿಯಲ್ಲಿ ಅಂಗೈಯಿಂದ ಮೂಗು ಬಾಯಿ ಎರಡನ್ನೂ ಒತ್ತಿ ಹಿಡಿದ. ಮುಖ ಕೆಂಪಗಾಯಿತು, ಕಣ್ಣು ಹೊರಬಂತು. ಇನ್ನು ತಡೆಯಲಾಗದೆ ಕೆಮ್ಮು ಒತ್ತರಿಸಿ ಬಂತು. ಅಳತೆ ಟೇಪು, ಸೀಮೆಸುಣ್ಣ ಎಲ್ಲ ನೆಲಕ್ಕುರುಳಿದವು. ಆ ಕೆಮ್ಮಿನ ನಡುವೆಯೇ ಹೇಗೋ ದಾರಿ ಮಾಡಿಕೊಂಡು ಹೇಳಿದ:

"ಊಹೂಂ."

ಸ್ಟೂಲು ಸರಿದ ಸದ್ದಾಯಿತು. ಅಣ್ಣ ಎದುರಿಗೆ ಬಂದು ನಿಂತ, ಕೈಯಲ್ಲಿ ನೀರಿನ ಲೋಟ.

"ಡಾಕ್ಟರಮ್ಮ ಹೇಳಿದ್ದನ್ನ ನಿನ್ನ ಹೆಂಡ್ತಿ ನಿನ್ನ ಅತ್ತಿಗೆ ಹತ್ರ ಹೇಳಿದ್ಲು. ಇಷ್ಟು ಹೊತ್ತು ಬಂದಿದ್ದು ಬರೀ ಉಸಿರು ಅಂತ ನಂಗೆ ಗೊತ್ತು ಕಣೋ. ಅದಕ್ಕೇ ಧೈರ್ಯವಾಗಿ ಮಾತಾಡ್ದೆ." ಲೋಟ ಮುಂದೆ ಹಿಡಿದ. "ಈಗ ಬಂದಿದ್ದು ಏನು?"

ತಮ್ಮ ಬಾಯಿ ತೆರೆದ. ವಾರವಿಡೀ ಬರೀ ಉಸಿರು ಹೊರಟಿದ್ದ ಆ ಬಾಯಿಂದ, ವರ್ಷದ ಮೇಲೆ ಮೊದಲ ಪದ ಬಂತು: "ಮಾತು, ಅಣ್ಣಾ."